ಚೆಕ್ ಎಂಜಿನ್ ಲೈಟ್ ಆರಿಸೋಕೆ ಮುಂಚೆ ಕೋಡ್ ಪೂರ್ತಿ ಓದಿ

ಡ್ಯಾಶ್‌ಬೋರ್ಡಲ್ಲಿ ಹಳದಿ ಎಂಜಿನ್ ಚಿತ್ರ ಹತ್ಕೊಂಡ್ರೆ ಮೊದ್ಲು ನೋಡ್ಬೇಕಾದ್ದು ಅದು ಒಂದೇ ಸಮ ಉರೀತಿದ್ಯಾ ಇಲ್ಲಾ ಮಿಣುಕ್ತಿದ್ಯಾ ಅಂತ. ಮಿಣುಕ್ತಿದ್ರೆ ಜೋರು ಮಿಸ್‌ಫೈರ್ ಆಗ್ತಿದೆ, ಅಂದ್ರೆ ಸಿಲಿಂಡರಲ್ಲಿ ಪೆಟ್ರೋಲು ಸರಿಯಾಗಿ ಹೊತ್ಕೊಳ್ತಿಲ್ಲ ಅಂತ ಅರ್ಥ, ಸುಡದೆ ಉಳಿದ ಪೆಟ್ರೋಲು ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತೆ, ಪ್ಲಾಟಿನಂ ಪಲ್ಲೇಡಿಯಂ ಲೇಪಿಸಿರೋ ಸೆರಾಮಿಕ್ ಜಾಲರಿ ಕರಗೇ ಹೋಗ್ಬಹುದು, ಹಾಗಾಗಿ ಗಾಡಿ ಸೈಡಿಗೆ ಹಾಕಿ ಆಫ್ ಮಾಡ್ಬಿಡಿ. ಒಂದೇ ಸಮ ಉರೀತಿದ್ದು, ಟೆಂಪರೇಚರ್ ಮತ್ತೆ ಆಯಿಲ್ ಲೈಟ್ ಸರಿ ಇದ್ದು, ಗಾಡಿ ಎಂದಿನ ಹಾಗೇ ಓಡ್ತಿದ್ರೆ ಮನೆ ಸೇರ್ಕೊಂಡು ನಿಧಾನಕ್ಕೆ ನೋಡ್ಬಹುದು.

ನಮ್ಮಲ್ಲಿ 2013ರಿಂದ ಕಾರುಗಳಿಗೆ ಒಬಿಡಿ-2 (ಗಾಡಿ ತನ್ನ ತೊಂದ್ರೆ ತಾನೇ ಗುರುತಿಸಿ ಕೋಡಾಗಿ ಬರೆದಿಡೋ ವ್ಯವಸ್ಥೆ) ಕಡ್ಡಾಯ, ಅಮೆರಿಕದಲ್ಲಿ 1996ರಿಂದಾನೇ ಇದೆ. ಸ್ಟೀರಿಂಗ್ ಕೆಳಗಡೆ 16 ಪಿನ್ನಿನ ಸಾಕೆಟ್ ಇರುತ್ತೆ, ಬ್ಲೂಟೂತ್ ರೀಡರ್ ಚುಚ್ಚಿದ್ರೆ ಮೊಬೈಲಲ್ಲೇ ಕೋಡ್ ಬರುತ್ತೆ. ಆದ್ರೆ ಕೋಡ್ ಹೇಳೋದು ರೋಗದ ಲಕ್ಷಣ ಮಾತ್ರ, ಯಾವ ಪಾರ್ಟ್ ಹೋಗಿದೆ ಅಂತಲ್ಲ, ಇದನ್ನ ಮರೆತೇ ಎಷ್ಟೋ ಜನ ಚೆನ್ನಾಗಿರೋ ಆಕ್ಸಿಜನ್ ಸೆನ್ಸಾರ್ ಬದಲಾಯಿಸಿ ದುಡ್ಡು ಕಳ್ಕೊಳ್ತಾರೆ.

ಉದಾಹರಣೆಗೆ ಪಿ 0171 ಅನ್ನೋ ಕೋಡ್ ತಗೊಳ್ಳಿ. ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ ಆಗಿದೆ ಅನ್ನೋದಷ್ಟೇ ಅದರ ಅರ್ಥ. ಶುದ್ಧ ಪೆಟ್ರೋಲಾದ್ರೆ 1 ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು, ಈ ಲೆಕ್ಕ ತಪ್ಪಿದಾಗ ಕಂಪ್ಯೂಟರ್ ಪೆಟ್ರೋಲು ಹೆಚ್ಚು ಕಮ್ಮಿ ಮಾಡ್ತಾ ಇರುತ್ತೆ, ಆ ತಿದ್ದುಪಡೀನೇ ಫ್ಯೂಯೆಲ್ ಟ್ರಿಮ್. ಈಗ ಎಂಜಿನ್ ಬಿಸಿ ಮಾಡಿ ಐಡಲ್‌ನಲ್ಲಿ ಬಿಟ್ಟು ಟ್ರಿಮ್ ನೋಡಿ, ಆಮೇಲೆ 2500 ಆರ್‌ಪಿಎಂಗೆ ಏರಿಸಿ ನೋಡಿ. ಮಾಫ್ ಸೆನ್ಸಾರ್ (ಒಳಗೆ ಹೋಗೋ ಗಾಳಿ ಅಳೆಯೋದು) ಇರೋ ಗಾಡೀಲಿ ಐಡಲ್‌ನಲ್ಲಿ ಪ್ಲಸ್ 20 (ಅಂದ್ರೆ ಪೆಟ್ರೋಲು ಶೇಕಡ 20 ಜಾಸ್ತಿ ಕೊಡ್ತಿದೆ) ಇದ್ದದ್ದು ಆರ್‌ಪಿಎಂ ಏರಿದಾಗ ಇಳಿದ್ರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರೋ ಸಾಧ್ಯತೆ ಹೆಚ್ಚು, ಯಾಕಂದ್ರೆ ಒಳಗೆ ಹೋಗೋ ಗಾಳಿ ಜಾಸ್ತಿ ಆದ ಹಾಗೆ ಆ ಸೋರಿಕೆ ಪಾಲು ಸಣ್ಣದಾಗುತ್ತೆ. ಇಳಿಯದೆ ಇನ್ನೂ ಏರಿದ್ರೆ ಅನುಮಾನ ಫ್ಯೂಯೆಲ್ ಪಂಪ್, ಫಿಲ್ಟರ್ ಅಥವಾ ಧೂಳು ಕೂತ ಮಾಫ್ ಸೆನ್ಸಾರ್ ಮೇಲೆ. ಹಳೇ ಗಾಡಿಗೆ ಇ20 (ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲು) ಹಾಕಿದ್ರೆ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ಹೋಗೋದು ಸಹಜ, ಎಥೆನಾಲಿಗೆ ಗಾಳಿ ಕಮ್ಮಿ ಸಾಕು, ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕಾಗುತ್ತೆ.

ಕೋಡ್ ಅಳಿಸೋ ರಿಸೆಟ್ ಬಟನ್ ಒತ್ತೋಕೆ ಮುಂಚೆ ಫ್ರೀಜ್ ಫ್ರೇಮ್ ಸ್ಕ್ರೀನ್‌ಶಾಟ್ ತಗೊಳ್ಳಲೇಬೇಕು, ತೊಂದ್ರೆ ಆದ ಕ್ಷಣದ ಸ್ಪೀಡು, ಲೋಡು, ಕೂಲಂಟ್ ಬಿಸಿ ಎಲ್ಲಾ ಅದರಲ್ಲಿರುತ್ತೆ, ಅಳಿಸಿದ್ರೆ ಕೋಡ್ ಜೊತೆ ಅದೂ ಹೋಯ್ತು. ಬ್ಯಾಟರಿ ವೈರ್ ಬಿಚ್ಚಿ ಲೈಟ್ ಆರಿಸೋದಂತೂ ಬೇಡವೇ ಬೇಡ, ಕಂಪ್ಯೂಟರ್ ಕಲಿತಿರೋ ಟ್ರಿಮ್ ಕೂಡ ಅಳಿಸಿಹೋಗಿ ಸ್ವಲ್ಪ ದಿನ ಗಾಡಿ ಮುಗ್ಗರಿಸ್ಬಹುದು. ನಿಜವಾಗ್ಲೂ ರಿಪೇರಿ ಆಗಿದ್ರೆ ಸಾಮಾನ್ಯವಾಗಿ ಸತತ 3 ಡ್ರೈವ್ ಸೈಕಲ್ (ಎಂಜಿನ್ ಶುರು ಮಾಡಿ, ಓಡಿಸಿ, ಆಫ್ ಮಾಡೋವರೆಗಿನ ಒಂದು ಸುತ್ತು) ತೊಂದ್ರೆ ಕಾಣದಿದ್ದಾಗ ಲೈಟ್ ತಾನೇ ಆರುತ್ತೆ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗುವಾಗ್ಲೂ ರೀಡರ್ ಜೇಬಲ್ಲಿರ್ಲಿ. ಲೈಟ್ ಆರಿದೆ, ಕೋಡ್ ಇಲ್ಲ, ಆದ್ರೆ ರೆಡಿನೆಸ್ ಮಾನಿಟರುಗಳು (ಕಂಪ್ಯೂಟರ್ ತನ್ನ ಭಾಗಗಳನ್ನ ತಾನೇ ಪರೀಕ್ಷೆ ಮಾಡಿ ಮುಗಿಸಿದ್ಯಾ ಅಂತ ತೋರಿಸೋವು) ಬಹುಪಾಲು ನಾಟ್ ರೆಡಿ ಅಂತಿವೆ, ಕೋಡ್ ಅಳಿಸಿದ ಮೇಲೆ ಓಡಿದ ದೂರ ಬರೀ ಹತ್ತು ಕಿಲೋಮೀಟರ್ ಅಂತ ತೋರಿಸ್ತಿದೆ ಅಂದ್ರೆ ಯಾರೋ ಈಗಷ್ಟೇ ಒರೆಸಿದ್ದಾರೆ, ಇಲ್ಲಾ ಬ್ಯಾಟರಿ ಬದಲಾಗಿದೆ. ಯಾವುದು ಅಂತ ಕೇಳಿ, ಮಾನಿಟರುಗಳು ರೆಡಿ ಆಗೋವರೆಗೂ ಗಾಡಿ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿದ ಮೇಲೇನೇ ಅಡ್ವಾನ್ಸ್ ಕೊಡಿ.