ಪಕ್ಕಪಕ್ಕದ ಮಸೀದಿಗಳಲ್ಲಿ ಆಜಾನ್ ಬೇರೆ ಬೇರೆ ಹೊತ್ತಿಗೆ ಯಾಕೆ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಶಿವಾಜಿನಗರದ ಹತ್ತಿರ. ಸುತ್ತಮುತ್ತ ಮೂರ್ನಾಲ್ಕು ಮಸೀದಿಗಳಿವೆ. ಒಂದರಲ್ಲಿ ಆಜಾನ್ ಮುಗಿದು ಎಷ್ಟೋ ಹೊತ್ತಾದ ಮೇಲೆ ಇನ್ನೊಂದರಲ್ಲಿ ಶುರುವಾಗುತ್ತದೆ. ಎಲ್ಲರೂ ಮಕ್ಕಾ ಟೈಮ್ ಪ್ರಕಾರ ತಾನೇ ನಮಾಜ್ ಮಾಡುವುದು? ಹಾಗಿದ್ದರೆ ಒಟ್ಟಿಗೆ ಯಾಕೆ ಕೂಗುವುದಿಲ್ಲ? ಅವರವರಲ್ಲೇ ಏನಾದರೂ ಜಗಳವಾ?

ಉತ್ತರ: ಇದನ್ನು ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ಪಕ್ಕದ ಮನೆಯವರು ಕೇಳಿದ್ದಾರೆ, ಆಟೋ ಹತ್ತಿದರೆ ಡ್ರೈವರ್ ಕೂಡ ಕೇಳಿದ್ದಾರೆ. ಹೇಳಿ ಹೇಳಿ ಬಾಯಿ ಸೋತಿದೆ. ಈ ಸಲ ಬರೆದೇ ಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಜಗಳ ಏನೂ ಇಲ್ಲ. ನಮಾಜಿಗೆ ಇರುವುದು ಒಂದು ನಿಮಿಷವಲ್ಲ, ಒಂದು ಅವಧಿ. ಬ್ಯಾಂಕು ಹತ್ತಕ್ಕೆ ತೆರೆದು ನಾಲ್ಕಕ್ಕೆ ಮುಚ್ಚುತ್ತದೆ, ಅಷ್ಟರೊಳಗೆ ನೀವು ಯಾವಾಗ ಹೋದರೂ ಕೆಲಸ ಆಗುತ್ತದೆ ಅಲ್ವಾ, ಹಾಗೆ. ಫಜರ್ ನಮಾಜಿನ ಹೊತ್ತು ಮುಂಜಾವದ ಮೊದಲ ಬೆಳಕಿನಿಂದ ಸೂರ್ಯ ಹುಟ್ಟುವವರೆಗೆ. ಜೊಹರ್ ನಡುಹಗಲು ದಾಟಿದ ಮೇಲೆ. ಅಸರ್ ಸಂಜೆ ಇಳಿಬಿಸಿಲಿನಲ್ಲಿ. ಮಗ್ರಿಬ್ ಸೂರ್ಯ ಮುಳುಗಿದ ಕೂಡಲೇ. ಇಶಾ ಆಕಾಶದ ಬೆಳಕು ಪೂರ್ತಿ ಹೋದ ಮೇಲೆ. ಈ ಅವಧಿಯೊಳಗೆ ಎಲ್ಲರೂ ಸೇರಿ ಜಮಾತಾಗಿ ನಿಲ್ಲುವುದು ಎಷ್ಟು ಗಂಟೆಗೆ ಎಂದು ಆಯಾ ಮಸೀದಿಯ ಕಮಿಟಿ ತೀರ್ಮಾನ ಮಾಡುತ್ತದೆ. ಒಂದು ಕಡೆ ಜೊಹರ್ ಜಮಾತ್ 1:30ಕ್ಕೆ, ಇನ್ನೊಂದು ಕಡೆ 1:45ಕ್ಕೆ ಇರಬಹುದು. ಜಮಾತಿಗೆ ಸ್ವಲ್ಪ ಮುಂಚೆ ಆಜಾನ್ ಆಗುತ್ತದೆ. ಜಮಾತಿನ ಹೊತ್ತು ಬೇರೆಯಾದರೆ ಆಜಾನಿನ ಹೊತ್ತೂ ಬೇರೆ. ಅಷ್ಟೇ ವಿಷಯ.

ಆದರೆ ನಿಮ್ಮ ಪ್ರಶ್ನೆಯ ನಡುವೆ ‘ಮಕ್ಕಾ ಟೈಮ್’ ಬಂದಿದೆಯಲ್ಲ, ಅದನ್ನು ನಾನು ಸುಮ್ನೆ ಬಿಡುವುದಿಲ್ಲ. ಓದಿದವರು, ದೊಡ್ಡ ಕೆಲಸದಲ್ಲಿರುವವರು, ಕೊಲ್ಲಿ ದೇಶಗಳಿಗೆ ಹೋಗಿ ಬಂದವರು ಕೂಡ ಇದನ್ನು ನಂಬುತ್ತಾರೆ. ನಮ್ಮ ಹುಡುಗರಲ್ಲೂ ಕೆಲವರು ನಂಬುತ್ತಾರೆ, ಅದು ಇನ್ನೂ ಬೇಜಾರು.

ಮಕ್ಕಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ ಇದೆ. ಇಲ್ಲಿ ಸಂಜೆ 6:30 ಆದಾಗ ಅಲ್ಲಿ ಇನ್ನೂ 4 ಗಂಟೆ, ಒಳ್ಳೆಯ ಬಿಸಿಲು. ಏಪ್ರಿಲ್ ಶುರುವಿನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಬೆಂಗಳೂರಿನಲ್ಲಿ ರಾತ್ರಿ 9 ದಾಟಿರುತ್ತದೆ. ಮಕ್ಕಾ ಟೈಮ್ ಪ್ರಕಾರ ನಡೆಯುವುದಾದರೆ ಇಲ್ಲಿ ಉಪವಾಸ ಇದ್ದವರು ಕತ್ತಲಾಗಿ ಎರಡು ಗಂಟೆಗೂ ಜಾಸ್ತಿ ಹೊತ್ತು ಖರ್ಜೂರ ಮುಂದಿಟ್ಟುಕೊಂಡು ಕಾಯಬೇಕಿತ್ತು. ಹಾಗೆ ಕಾಯುವವರನ್ನು ಯಾರಾದರೂ ನೋಡಿದ್ದೀರಾ? ಫಜರ್ ಅಂತೂ ಇನ್ನೂ ವಿಚಿತ್ರ ಆಗುತ್ತಿತ್ತು. ಅಲ್ಲಿ ಮುಂಜಾವ ಮೂಡುವಾಗ ಇಲ್ಲಿ ಮಕ್ಕಳು ಸ್ಕೂಲ್ ಬಸ್ ಹತ್ತಿರುತ್ತಾರೆ. ಸೂರ್ಯ ಹುಟ್ಟಿದ ಮೇಲೆ ಫಜರಿನ ಹೊತ್ತೇ ಇರುವುದಿಲ್ಲ. ಸೂರ್ಯ ಹುಟ್ಟುತ್ತಿರುವಾಗ, ನೆತ್ತಿಯ ಮೇಲೆ ಇರುವಾಗ, ಮುಳುಗುತ್ತಿರುವಾಗ ನಮಾಜ್ ಮಾಡಬಾರದು ಎಂಬ ನಿಯಮವೂ ಇದೆ. ಯಾವ ಊರಿನ ಸೂರ್ಯ? ನೀವು ನಿಂತಿರುವ ಊರಿನದು.

ಮಕ್ಕಾದ ಕಡೆ ಇರುವುದು ಮುಖ, ಹೊತ್ತಲ್ಲ. ಅಲ್ಲಿನ ಪವಿತ್ರ ಭವನ ಕಾಬಾ ಇರುವ ದಿಕ್ಕಿಗೆ ಕಿಬ್ಲಾ ಎನ್ನುತ್ತಾರೆ. ಬೆಂಗಳೂರಿನಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ. ದಿಕ್ಕು ಎಲ್ಲರಿಗೂ ಒಂದೇ ಕಡೆ ಇರುವುದರಿಂದ ಹೊತ್ತೂ ಒಂದೇ ಇರಬೇಕು ಎಂದು ಜನ ಅಂದುಕೊಂಡಿರಬೇಕು. ಕಾಬಾದ ಎದುರಿಗೆ ದೊಡ್ಡ ಗಡಿಯಾರ ಗೋಪುರ ಎದ್ದ ಮೇಲೆ ಈ ನಂಬಿಕೆಗೆ ಬಲ ಬಂತು. 2010ರ ರಂಜಾನ್ ತಿಂಗಳಲ್ಲಿ ಅದು ಓಡಲು ಶುರುವಾದಾಗ, ಗ್ರೀನ್‌ವಿಚ್ ಬದಲು ಮಕ್ಕಾ ಸಮಯವನ್ನೇ ಲೋಕಕ್ಕೆ ಮಾನದಂಡ ಮಾಡಬೇಕು ಎಂದು ಕೆಲವರು ಮಾತಾಡಿದ್ದರು. ಆ ಗಡಿಯಾರದಿಂದ ಯಾವ ಊರಿನ ನಮಾಜೂ ಒಂದು ನಿಮಿಷ ಆಚೀಚೆ ಆಗಲಿಲ್ಲ. ಸೌದಿಯೊಳಗೇ ನೋಡಿ. ರಿಯಾದ್ ಮಕ್ಕಾಕ್ಕಿಂತ ಪೂರ್ವಕ್ಕಿದೆ. ಅಲ್ಲಿ ನಡುಹಗಲು ಮಕ್ಕಾಕ್ಕಿಂತ ಸುಮಾರು 27 ನಿಮಿಷ ಮೊದಲೇ ಆಗುತ್ತದೆ. ದೇಶ ಒಂದು, ಗಡಿಯಾರ ಒಂದು, ಆದರೂ ಜೊಹರ್ ಹೊತ್ತು ಬೇರೆ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ನೋಡಿ. ಮಂಗಳೂರು, ಬೆಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಮಂಗಳೂರು ಪಶ್ಚಿಮಕ್ಕೆ ಇರುವುದರಿಂದ ಅಲ್ಲಿ ಇಫ್ತಾರ್ ಆಗುವುದು ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ ಎಂದು ಹೈಸ್ಕೂಲಿನಲ್ಲಿ ಕಲಿಸಿದ್ದು ನೆನಪಿದೆಯಾ? ಅದೇ ಲೆಕ್ಕ. ಬೀದರ್ ಇನ್ನೂ ಚೆಂದದ ಉದಾಹರಣೆ. ಅದು ಹೆಚ್ಚುಕಡಿಮೆ ಬೆಂಗಳೂರಿನ ರೇಖಾಂಶದಲ್ಲೇ ಇದೆ, ನಡುಹಗಲು ಒಟ್ಟಿಗೇ ಆಗುತ್ತದೆ. ಆದರೆ ಉತ್ತರಕ್ಕೆ ಇರುವುದರಿಂದ ಜೂನ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ಸುಮಾರು 9 ನಿಮಿಷ ತಡ, ಡಿಸೆಂಬರ್ ಕೊನೆಗೆ ಅಷ್ಟೇ ನಿಮಿಷ ಬೇಗ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ಮಕ್ಕಳ ಕಣ್ಣು ಅರಳುವುದನ್ನು ನೀವು ನೋಡಬೇಕು.

ಬೆಂಗಳೂರಿನಲ್ಲಿ ಮಗ್ರಿಬ್ ನವೆಂಬರಿನಲ್ಲಿ 5:50ರ ಸುಮಾರಿಗೆ ಶುರುವಾಗುತ್ತದೆ, ಜುಲೈ ಶುರುವಿನಲ್ಲಿ 6:50ರ ಸುಮಾರಿಗೆ. ಹಾಗಾಗಿಯೇ ಮಸೀದಿಯ ಗೋಡೆಯ ಮೇಲೆ ಆ ಬೋರ್ಡ್ ಇರುತ್ತದೆ. ಹಳೆಯ ಮಸೀದಿಗೆ ಹೋದರೆ ನೋಡಿ: ಮರದ ಹಲಗೆ, ಅದರಲ್ಲಿ ಸಾಲಾಗಿ ಪುಟ್ಟ ಪುಟ್ಟ ಗಡಿಯಾರದ ಮುಖಗಳು, ಪ್ರತಿಯೊಂದರ ಕೆಳಗೂ ಒಂದೊಂದು ನಮಾಜಿನ ಹೆಸರು, ಕೊನೆಯದು ಶುಕ್ರವಾರದ ಜುಮ್ಮಾಕ್ಕೆ. ಅವು ಓಡುವ ಗಡಿಯಾರಗಳಲ್ಲ. ಆಜಾನ್ ಕೊಡುವ ಮುಅಜ್ಜಿನ್ ಸಾಹೇಬರು ಬೆರಳಲ್ಲಿ ಮುಳ್ಳು ತಿರುಗಿಸಿ ಜಮಾತಿನ ಹೊತ್ತು ಇಟ್ಟಿರುತ್ತಾರೆ. ದಿನ ಉದ್ದ ಆಗುತ್ತಾ ಬಂದಂತೆ ಮುಳ್ಳನ್ನು ಐದು ನಿಮಿಷ, ಹತ್ತು ನಿಮಿಷ ಆಚೆ ಸರಿಸುತ್ತಾರೆ. ಈಗ ಬಹಳ ಕಡೆ ಕೆಂಪು ಅಕ್ಷರದ ಎಲ್‌ಇಡಿ ಬೋರ್ಡ್ ಬಂದಿದೆ. ಮರದ್ದು ಉಳಿಸಿಕೊಂಡಿರುವ ಮಸೀದಿ ಕಂಡರೆ ನನಗೆ ಖುಷಿ.

ಇನ್ನು ಅಸರ್. ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಶಾಫಿ, ಹನಫಿ ಎಂದರೆ ಸುನ್ನಿ ಮುಸ್ಲಿಮರು ಆಚರಣೆಗೆ ಅನುಸರಿಸುವ ಎರಡು ಪದ್ಧತಿಗಳು. ಶಾಫಿ ಪದ್ಧತಿಯಲ್ಲಿ ನೆಟ್ಟ ಕೋಲಿನ ನೆರಳು, ನಡುಹಗಲಿನ ನೆರಳು ಬಿಟ್ಟು, ಕೋಲಿನಷ್ಟೇ ಉದ್ದ ಆದಾಗ ಅಸರ್ ಶುರು. ಹನಫಿ ಪದ್ಧತಿಯಲ್ಲಿ ಎರಡರಷ್ಟು ಉದ್ದ ಆಗಬೇಕು. ಬೆಂಗಳೂರಿನಲ್ಲಿ ಇವೆರಡರ ನಡುವೆ ಕಾಲಕ್ಕೆ ತಕ್ಕಂತೆ 50 ನಿಮಿಷದಿಂದ ಒಂದೂಕಾಲು ಗಂಟೆ ಅಂತರ ಬರುತ್ತದೆ. ಇಲ್ಲಿನ ಉರ್ದು ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಕೇರಳದಿಂದ ಬಂದವರು, ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಎಲ್ಲರೂ ಇದೇ ಊರಿನಲ್ಲಿ ಇದ್ದೇವೆ. ಶಾಫಿಗಳ ಮಸೀದಿಯಲ್ಲಿ ಅಸರ್ ಆಜಾನ್ ಮೊದಲು ಕೇಳಿಸಿದರೆ ಕಾರಣ ಇದು. ಹೊತ್ತು ಬೇರೆ ಎಂದು ಯಾರೂ ಯಾರನ್ನೂ ಬಾಗಿಲಲ್ಲಿ ತಡೆಯುವುದಿಲ್ಲ.

ಬೇಕಾದರೆ ನೀವೇ ಪರೀಕ್ಷೆ ಮಾಡಿ. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಆಗಸ್ಟ್ 18ರ ಆಸುಪಾಸು ಇನ್ನೊಂದು ಸಲ ಬರುತ್ತದೆ. ಏಪ್ರಿಲಿನಲ್ಲಿ ಮಧ್ಯಾಹ್ನ 12:17ರ ಹೊತ್ತಿಗೆ ತಾರಸಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆವತ್ತು ಲೆಕ್ಕ ತುಂಬಾ ಸಲೀಸು, ಕಳೆಯಲು ಏನೂ ಇಲ್ಲ. 3:20 ದಾಟುತ್ತಿದ್ದಂತೆ ನೆರಳು ಕೋಲಿನಷ್ಟಾಗುತ್ತದೆ, 4:40ರ ಹತ್ತಿರ ಎರಡರಷ್ಟು. ಮಕ್ಕಳನ್ನು ಕರೆದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ.

ಇವತ್ತು ಸಂಜೆ ಇನ್ನೊಂದು ಗಮನಿಸಿ. ಮಗ್ರಿಬ್ ಆಜಾನ್ ಮಾತ್ರ ಎಲ್ಲ ಕಡೆಯಿಂದ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ತಡ ಮಾಡದೆ ನಮಾಜಿಗೆ ನಿಲ್ಲುವುದರಿಂದ ಕಮಿಟಿಗಳಿಗೆ ಆಚೀಚೆ ಮಾಡಲು ಜಾಗವಿಲ್ಲ. ಶಿಯಾ ಮಸೀದಿಗಳಲ್ಲಿ ಪೂರ್ವದ ಕೆಂಪು ಕರಗುವವರೆಗೆ ಕಾಯುವುದರಿಂದ ಕೆಲವು ನಿಮಿಷ ತಡ. ಫಜರ್ ಆಜಾನ್ ಈಗೀಗ ಕೇಳಿಸುತ್ತಿಲ್ಲವಲ್ಲ ಎನ್ನುವವರಿಗೂ ಇಲ್ಲೇ ಉತ್ತರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಎಂದು 2000ರ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಬೆಂಗಳೂರಿನಲ್ಲಿ ಫಜರ್ ಶುರುವಾಗುವುದು ವರ್ಷವಿಡೀ 6ಕ್ಕಿಂತ ಮೊದಲೇ. ಆಜಾನ್ ನಿಂತಿಲ್ಲ, ಮೈಕಿಲ್ಲದೆ ಆಗುತ್ತಿದೆ.

ಜಮಾತಿನ ಹೊತ್ತು ಹೀಗೆ ಹಿಂದೆಮುಂದೆ ಇರುವುದರಿಂದ ಊರಿಗೇ ಅನುಕೂಲ. ಮಾರ್ಕೆಟಿನಲ್ಲಿ ಅಣ್ಣ 1:30ರ ಜಮಾತಿಗೆ ಹೋಗಿ ಬರುತ್ತಾನೆ, ಆಮೇಲೆ ತಮ್ಮ ಇನ್ನೊಂದು ಮಸೀದಿಯ 2 ಗಂಟೆಯದ್ದಕ್ಕೆ ಹೋಗುತ್ತಾನೆ. ಅಂಗಡಿ ಬಾಗಿಲು ಹಾಕಬೇಕಾಗಿಲ್ಲ. ಒಬ್ಬನೇ ಇದ್ದರೆ, “ಅಣ್ಣಾ, ಒಂದ್ಹತ್ತು ನಿಮಿಷ ಅಂಗಡಿ ನೋಡ್ಕೊಳ್ಳಿ” ಎಂದು ಪಕ್ಕದ ಹೂವಿನ ಅಂಗಡಿಯವರಿಗೆ ಹೇಳಿ ಹೋಗುತ್ತಾನೆ. ಅವರೂ ಗಲ್ಲಾಪೆಟ್ಟಿಗೆ ಕಡೆ ಒಂದು ಕಣ್ಣಿಟ್ಟು ಕೂರುತ್ತಾರೆ. ಶುಕ್ರವಾರ ಆಫೀಸಿನವರು, ಕ್ಯಾಬ್ ಓಡಿಸುವವರು ತಮ್ಮ ಊಟದ ಬಿಡುವಿಗೆ ಹೊಂದುವ ಜುಮ್ಮಾ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡಿರುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊತ್ತು ಸೂರ್ಯನದು, ತಿಂಗಳು ಚಂದ್ರನದು. ಇವೆರಡನ್ನು ಕಲೆಸಿಕೊಂಡರೆ ಗೊಂದಲ. ಹಬ್ಬದ ದಿನ ಗೊತ್ತಾಗುವುದು ಚಂದ್ರ ಕಂಡ ಮೇಲೆ. ಕರಾವಳಿಯವರು ಸಾಮಾನ್ಯವಾಗಿ ಕೇರಳದಲ್ಲಿ ಚಂದ್ರ ಕಂಡ ಸುದ್ದಿಯನ್ನು ಒಪ್ಪುತ್ತಾರೆ. ಹಾಗಾಗಿ 2024ರಲ್ಲಿ ಮಂಗಳೂರು, ಉಡುಪಿ ಕಡೆ ರಂಜಾನ್ ಹಬ್ಬ ಏಪ್ರಿಲ್ 10ಕ್ಕೆ ಆಯಿತು, ಬೆಂಗಳೂರಿನಲ್ಲಿ 11ಕ್ಕೆ. ಆಗ ಬೆಂಗಳೂರಿನಲ್ಲಿರುವ ಮಂಗಳೂರಿನವರು ಏನು ಮಾಡಬೇಕು? ಊರಿನಲ್ಲಿ ಅಮ್ಮ ಹಬ್ಬದ ಅಡುಗೆ ಮಾಡಿ ಫೋನ್ ಮಾಡುತ್ತಿದ್ದರೂ, ಇಲ್ಲಿ ಇರುವವರು ಇಲ್ಲಿನವರ ಜೊತೆಗೇ ಇನ್ನೊಂದು ದಿನ ಉಪವಾಸ ಇದ್ದು ಮರುದಿನ ಹಬ್ಬ ಮಾಡಬೇಕು ಎಂದೇ ಸಾಮಾನ್ಯವಾಗಿ ಇಮಾಮರು ಹೇಳುವುದು.