ಒಂಬತ್ತನೇ ಗಂಟೆಯಲ್ಲಿ ಏನಿತ್ತು?

ಮೈಕ್ರೋಸ್ಕೋಪಿನಲ್ಲಿ ಎಷ್ಟು ಸಣ್ಣದನ್ನು ಕಾಣಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಅದರ ಸೂತ್ರ ಕೊಟ್ಟವನು ಜರ್ಮನಿಯ ಎರ್ನ್‌ಸ್ಟ್ ಅಬ್ಬೆ. ಅದನ್ನು ಕಾಲೇಜಿನಲ್ಲಿ ಓದುತ್ತೇವೆ. ಅದೇ ಮನುಷ್ಯ ದುಡಿಮೆಯ ಗಂಟೆಗೂ ಒಂದು ಮಿತಿ ಇದೆ ಎಂದು ಅಳೆದು ತೋರಿಸಿದ ಸಂಗತಿ ಮಾತ್ರ ಅಷ್ಟಾಗಿ ಯಾರ ಕಿವಿಗೂ ಬೀಳುವುದಿಲ್ಲ.

ಅಬ್ಬೆಯ ಅಪ್ಪ ಐಸೆನಾಖ್ ಊರಿನ ನೂಲಿನ ಗಿರಣಿಯಲ್ಲಿ ದಿನಕ್ಕೆ 14ರಿಂದ 16 ಗಂಟೆ ನಿಂತೇ ದುಡಿಯುತ್ತಿದ್ದ. ಹುಡುಗ ಬುತ್ತಿ ಒಯ್ದರೆ ಅಲ್ಲೇ ನಿಂತು ಗಬಗಬ ತಿಂದು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದ. ಮುಂದೆ ಯೇನಾ ಊರಿನ, ಮೈಕ್ರೋಸ್ಕೋಪು ತಯಾರಿಸುವ ಜೈಸ್ ಕಾರ್ಖಾನೆಯ ಆಡಳಿತ ಕೈಗೆ ಬಂದಾಗಲೂ ಅಬ್ಬೆ ಅದನ್ನು ಮರೆತಿರಲಿಲ್ಲ. ಆದರೆ ಬರೀ ಕನಿಕರದಿಂದ ತೀರ್ಮಾನ ಮಾಡುವ ಜಾಯಮಾನ ಅವನದಲ್ಲ. ಲೆಕ್ಕ ಬೇಕಿತ್ತು.

1900ರ ಏಪ್ರಿಲ್‌ನಲ್ಲಿ 9 ಗಂಟೆಯ ದಿನ 8ಕ್ಕೆ ಇಳಿಯಿತು. ಪೀಸ್ ರೇಟಿನ ಮೇಲೆ, ಅಂದರೆ ಮಾಡಿದಷ್ಟು ಕೆಲಸಕ್ಕೆ ತಕ್ಕ ಕೂಲಿಗೆ, ದುಡಿಯುತ್ತಿದ್ದ 233 ಜನರ ಹಿಂದಿನ ವರ್ಷದ ಗಳಿಕೆ ಮತ್ತು ನಂತರದ ವರ್ಷದ ಗಳಿಕೆಯನ್ನು ಅಬ್ಬೆ ಅಕ್ಕಪಕ್ಕ ಇಟ್ಟ. ರೇಟು ಬದಲಾಗಿರಲಿಲ್ಲ. ಹಾಗಾಗಿ ಗಳಿಕೆ ಎಂದರೆ ಉತ್ಪಾದನೆಯೇ. ಕಳೆದುಕೊಂಡ ಗಂಟೆಯನ್ನು ತುಂಬಿಕೊಳ್ಳಲು ಗಂಟೆಯ ಗಳಿಕೆ 12.5% ಏರಿದ್ದರೆ ಸಾಕಿತ್ತು. ಏರಿದ್ದು 16.2%. ಅಂದರೆ ಒಂದು ಗಂಟೆ ಕಡಿಮೆ ದುಡಿದು, ದಿನದ ಕೆಲಸ ಸುಮಾರು 3% ಜಾಸ್ತಿಯೇ ಆಗಿತ್ತು.

ಹೇಗೆ? ಅಬ್ಬೆಯ ವಿವರಣೆ ನನಗೆ ಬಲು ಇಷ್ಟ. ದಣಿವಿಗೆ ಮೂರು ಮೂಲಗಳಿವೆ ಎಂದ. ಮಾಡಿದ ಕೆಲಸ ಎಷ್ಟು ಎಂಬುದು ಒಂದು. ಮಾಡುವ ವೇಗ ಇನ್ನೊಂದು. ಮೂರನೆಯದು ಖಾಲಿ ಓಟ. ಸಿಗ್ನಲ್‌ನಲ್ಲಿ ನಿಂತ ಆಟೋ ಒಂದಿಂಚೂ ಮುಂದೆ ಹೋಗದೆ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ, ಅಲ್ವಾ? ಮನುಷ್ಯನೂ ಹಾಗೇ. ಬಗ್ಗಿದ ಕತ್ತು, ಕಿವಿಗೆ ಬಡಿಯುವ ಸದ್ದು, ಸಡಿಲಬಿಡಲಾಗದ ಗಮನ, ಇವೆಲ್ಲ ಕೈ ಆಡದಿದ್ದರೂ ಶಕ್ತಿ ಎಳೆಯುತ್ತವೆ. ಒಂದು ಗಂಟೆ ಕಡಿಮೆ ಮಾಡಿದರೆ ಆ ಗಂಟೆಯ ಖಾಲಿ ಓಟ ಪೂರ್ತಿ ಉಳಿಯುತ್ತದೆ. ಉಳಿದ 8 ಗಂಟೆ ಸ್ವಲ್ಪ ಚುರುಕಾಗಿ ದುಡಿಯಲು ಅಷ್ಟು ಶಕ್ತಿ ಬೇಡ. ಹಾಗಂತ ಎರಡು ಗಂಟೆಯ ದಿನ ಮಾಡಿಬಿಡೋಣ ಎನ್ನುವಂತಿಲ್ಲ. ಇಳಿಸುತ್ತಾ ಹೋದರೆ ಒಂದು ಹಂತದಲ್ಲಿ ವೇಗದ ಖರ್ಚೇ ಉಳಿತಾಯವನ್ನು ನುಂಗುತ್ತದೆ.

ಇನ್ನೂ ಒಂದು ಮಾತು ಹೇಳಿದ. ದಿನದ ದಣಿವು ಆ ದಿನವೇ ತೀರಬೇಕು, ಚೂರು ಬಾಕಿ ಉಳಿದರೂ ಅದು ಬೆಳೆಯುತ್ತಾ ಹೋಗುತ್ತದೆ ಎಂದು. ನಿದ್ದೆಯ ವಿಷಯದಲ್ಲಿ ಪೆನ್ಸಿಲ್ವೇನಿಯಾದ ಪ್ರಯೋಗವೊಂದು 2003ರಲ್ಲಿ ಇದನ್ನೇ ಕಂಡಿತು. ಎರಡು ವಾರ ರಾತ್ರಿ 6 ಗಂಟೆಯಷ್ಟೇ ಮಲಗಿದವರ ಗಮನ ದಿನೇ ದಿನೇ ಕುಸಿಯುತ್ತಲೇ ಹೋಯಿತು. ಆದರೆ ತಾವು ಅಷ್ಟು ಕೆಟ್ಟಿದ್ದೇವೆ ಎಂದು ಅವರಿಗೆ ಅನ್ನಿಸಲೇ ಇಲ್ಲ! 'ನನಗೆ 12 ಗಂಟೆ ದುಡಿದರೂ ಏನೂ ಆಗಲ್ಲ' ಎನ್ನುವವರ ಮಾತನ್ನು ನಾನು ಸುಮ್ನೆ ನಂಬದಿರುವುದು ಇದಕ್ಕೇ.

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಯುದ್ಧದ ನಂತರದ ಜರ್ಮನಿ, ಜಪಾನ್‌ಗಳನ್ನು ನೆನೆದರು. ಯೇನಾ ಕೂಡ ಜರ್ಮನಿಯಲ್ಲೇ ಇದೆ! ಅದು ಬೇಡವೆಂದರೆ ಬ್ರಿಟನ್ನಿನ ಲೆಕ್ಕ ನೋಡಿ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರ, ಅವರಲ್ಲಿ ಹೆಚ್ಚಿನವರು ಹೆಂಗಸರು, ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ನೂರು ವರ್ಷಗಳ ನಂತರ ಮತ್ತೆ ಬಗೆದರು. ವಾರಕ್ಕೆ ಸುಮಾರು 49 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಇಳಿಯುತ್ತಿತ್ತು. 70 ಗಂಟೆಗೂ 56 ಗಂಟೆಗೂ ಉತ್ಪಾದನೆಯಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ.

ದೇಹದ ಲೆಕ್ಕ ಇನ್ನೂ ಕಠಿಣ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮೇಲೆ ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಜಾಸ್ತಿ.

ನರ್ಸ್, ಬಸ್ ಚಾಲಕರ ಮಾತು ಬೇರೆ. ಅವರ ಗಂಟೆ ಇಳಿಸಿದರೆ ಇನ್ನೊಬ್ಬರನ್ನು ನೇಮಿಸಲೇಬೇಕು, ಖರ್ಚೂ ಆಗುತ್ತದೆ. ಅದನ್ನು ಮುಚ್ಚಿಡಬಾರದು.

ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರಬಾರದು, ಹಾಗಾಗಿ ನಾಲ್ಕು ದಿನ ಕೆಲಸ, ಮೂರು ದಿನ ರಜೆ ಎಂಬ ಸಮಾಧಾನ. ಓವರ್‌ಟೈಮ್ ಬಿಟ್ಟರೆ ವಾರದ ಗಂಟೆ ಏರಿಲ್ಲ ನಿಜ. ಆದರೆ ಅಬ್ಬೆ ಬಾಕಿ ತೀರಿಸಲು ಹೇಳಿದ್ದು ವಾರಕ್ಕೊಮ್ಮೆ ಅಲ್ಲ, ರಾತ್ರಿಯೊಳಗೆ. 12 ಗಂಟೆ ಮಷೀನಿನ ಮುಂದೆ, ಮೇಲೆ ಹೋಗಿಬರುವ ದಾರಿ, ಆಮೇಲೆ ಮನೆಯಲ್ಲಿ ಅಡುಗೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ಆ ರಾತ್ರಿ ಎಷ್ಟು ಹೊತ್ತು ಉಳಿಯುತ್ತದೆ?