ಚೌತಿ ಕಳೆದು ಬೀಜ, ದೀಪಾವಳಿಗೆ ಸಸಿ

"ದೊಣ್ಣೆ ಮೆಣಸಿನ ಗಿಡ ಹುಲುಸಾಗಿದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ." ಏಪ್ರಿಲ್ ಬಂತೆಂದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ನನಗೆ ಬರುವ ದೂರು ಇದೇ. ಯಾವ ಗೊಬ್ಬರ ಹಾಕಬೇಕು, ಏನು ಸಿಂಪಡಿಸಬೇಕು ಎಂದು ಕೇಳುತ್ತಾರೆ. ನಾನು ಕೇಳುವುದು ಒಂದೇ: ಬೀಜ ಹಾಕಿದ್ದು ಯಾವಾಗ? ಸಂಕ್ರಾಂತಿ ಕಳೆದ ಮೇಲೆ ಎಂಬ ಉತ್ತರ ಬಂದರೆ ಮುಂದಿನ ಪರೀಕ್ಷೆಯೇ ಬೇಡ.

ದೊಣ್ಣೆ ಮೆಣಸು ನಮ್ಮ ಹಸಿಮೆಣಸಿನ ಜಾತಿಯದೇ. ಆದರೆ ಸೆಕೆ ತಾಳುವುದರಲ್ಲಿ ಎರಡಕ್ಕೂ ಬಹಳ ಅಂತರವಿದೆ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ದೊಣ್ಣೆ ಮೆಣಸಿನ ಹೂವು ತೊಟ್ಟಿನ ಸಮೇತ ಉದುರುತ್ತದೆ. ಅದಕ್ಕೆ ಹಿತವಾದದ್ದು 16ರಿಂದ 20 ಡಿಗ್ರಿಯ ರಾತ್ರಿ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಅಂಥ ರಾತ್ರಿಗಳು ಬೇಕಾದಷ್ಟಿವೆ. ಕಡಲ ದಂಡೆಯಲ್ಲಿ ಅದರ ಹತ್ತಿರಕ್ಕೆ ಬರುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಹೂವು ಆ ಹೊತ್ತಿಗೆ ಬರಬೇಕಾದರೆ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನೆಟ್ಟ ಸಸಿ ಹೂವಿಗೆ ಬರಲು ಐದಾರು ವಾರ, ಬೀಜ ನೆಡುವ ಸಸಿಯಾಗಲು ಮತ್ತೆ ಆರು ವಾರ. ನಮ್ಮ ಹಬ್ಬಗಳ ಲೆಕ್ಕದಲ್ಲಿ ಹೇಳುವುದಾದರೆ, ಚೌತಿ ಕಳೆದು ಹದಿನೈದು ದಿನಕ್ಕೆ ಬೀಜ, ದೀಪಾವಳಿಗೆ ನಾಟಿ.

ಬೀಜದ ವಿಷಯಕ್ಕೆ ಬರೋಣ. ಸಂತೆಯಿಂದ ತಂದ ಹಸಿರು ಕಾಯಿಯ ಬೀಜ ಹಾಕಿ ನಿರಾಶರಾದವರು ಬಹಳ. ಹಸಿರೆಂದರೆ ಇನ್ನೂ ಬಲಿಯದ ಕಾಯಿ. ಒಳಗಿನ ಬೀಜವೂ ಪೂರ್ತಿ ಬಲಿತಿರುವುದಿಲ್ಲ. ಕೆಂಪು, ಹಳದಿ ಕಾಯಿಯ ಬೀಜ ಮೊಳೆಯುತ್ತದೆ. ಆದರೆ ಅವು ಸಾಮಾನ್ಯವಾಗಿ ಹೈಬ್ರಿಡ್, ತಾಯಿಯಂತೆಯೇ ಕಾಯಿ ಬರುತ್ತದೆಂಬ ಭರವಸೆಯಿಲ್ಲ. ಬೀಜ ಉಳಿಸಿಕೊಳ್ಳುವ ಆಸೆಯಿದ್ದವರಿಗೆ ಹೈಬ್ರಿಡ್ ಅಲ್ಲದ ಕ್ಯಾಲಿಫೋರ್ನಿಯಾ ವಂಡರ್ ತಳಿ ಒಳ್ಳೆಯದು. ಕರಾವಳಿಯವರಿಗೆ ನಾನು ಮೊದಲು ಹೇಳುವುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಗೌರವ್ ತಳಿಯನ್ನು. ಕಾರಣ ಮುಂದೆ ಹೇಳುತ್ತೇನೆ.

ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಸಮಪಾಲು ಬೆರೆಸಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಎಂಟರಿಂದ ಹನ್ನೆರಡು ದಿನಕ್ಕೆ ಮೊಳಕೆ ಕಾಣುತ್ತದೆ. ಆಗಿನ್ನೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲವಾದ್ದರಿಂದ ಟ್ರೇ ಸೂರಿನಡಿ ಇರಲಿ, ಬೆಳಕು ಮಾತ್ರ ಚೆನ್ನಾಗಿ ಬೀಳಲಿ. ಸಂಜೆ ನೀರು ಹಾಕುವುದು ಬೇಡ. ರಾತ್ರಿಯಿಡೀ ಒದ್ದೆಯಾಗಿದ್ದರೆ ಸಸಿಯ ಬುಡ ದಾರದಂತೆ ಸಣ್ಣಗಾಗಿ, ಬೆಳಗಾಗುವಷ್ಟರಲ್ಲಿ ಸಾಲಿಗೆ ಸಾಲೇ ಮಲಗಿರುತ್ತದೆ. ಮಿಶ್ರಣಕ್ಕೆ ಮೊದಲೇ ಒಂದಿಷ್ಟು ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಸೇರಿಸಿದ್ದರೆ ಈ ಕಾಟ ಕಡಿಮೆ.

ಇನ್ನು ಕರಾವಳಿಯ ದೊಡ್ಡ ಶತ್ರು. ಅಂಕೋಲಾ ಸಮೀಪದ ಒಂದು ಮನೆಯ ಹಿತ್ತಲಿಗೆ ಹೋಗಿದ್ದೆ. ಮೊಣಕಾಲೆತ್ತರದ ಗಿಡ, ಎಲೆ ಅಚ್ಚ ಹಸಿರು, ಆದರೆ ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. "ನೀರು ಸಾಲಲಿಲ್ಲವೇನೋ ಎಂದು ಇನ್ನೂ ಎರಡು ಕೊಡ ಹಾಕಿದೆ, ಸಾರ್" ಎಂದರು ಮನೆಯಾಕೆ. "ಒಂದು ಗಾಜಿನ ಲೋಟದಲ್ಲಿ ನೀರು ತನ್ನಿ ಅಕ್ಕಾ" ಎಂದೆ. ಗಿಡ ಕಿತ್ತು, ಬುಡದ ಹತ್ತಿರ ಕಾಂಡವನ್ನು ಓರೆಯಾಗಿ ಕತ್ತರಿಸಿ, ತುದಿ ನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿದೆ. ಎರಡು ಮೂರು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂತಹ ಬಿಳಿ ದ್ರವ ನೀರಿನೊಳಗೆ ಇಳಿಯತೊಡಗಿತು. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಕಾಂಡದ ಕೊಳವೆಗಳೇ ಕಟ್ಟಿಹೋದ ಮೇಲೆ ನೀರು ಹಾಕಿ ಫಲವಿಲ್ಲ. ಹಾಕಿದ ನೀರು ಹರಿದಲ್ಲೆಲ್ಲ ರೋಗವೂ ಹೋಗುತ್ತದೆ. ಹಿಂದಿನ ವರ್ಷ ಅಲ್ಲೇ ಬದನೆ ಇತ್ತಂತೆ. ಬದನೆ, ಟೊಮೆಟೊ, ಮೆಣಸು ಮೂರಕ್ಕೂ ಈ ರೋಗ ಒಂದೇ, ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹುಳಿ ಗುಣದ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು, ಅದರಲ್ಲಿನ ತೇವ ಎರಡೂ ಅದಕ್ಕೆ ಅನುಕೂಲ. ಅರ್ಕಾ ಗೌರವ್ ಇದನ್ನು ಒಂದಷ್ಟು ತಡೆದುಕೊಳ್ಳುವ ತಳಿ. ಅದರ ಜೊತೆಗೆ ಏರುಮಡಿ ಮಾಡಿ, ನಾಟಿಗೆ ಎರಡು ಮೂರು ವಾರ ಮೊದಲೇ ಚಿಪ್ಪಿನ ಸುಣ್ಣ ಬೆರೆಸಿಡಿ. ಹಿತ್ತಲಲ್ಲಿ ಒಮ್ಮೆ ಈ ರೋಗ ಕಂಡಿದ್ದರೆ ನೆಲದ ಆಸೆ ಬಿಟ್ಟು, ಹೊಸ ಮಣ್ಣು ತುಂಬಿದ ದೊಡ್ಡ ಕುಂಡದಲ್ಲೇ ಬೆಳೆಸಿ.

ಕಾಯಿಯ ತುದಿ ಕಪ್ಪಾಗಿ ಒಳಕ್ಕೆ ಕುಸಿದರೆ ಅದು ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದ ಕೊರತೆ. ಒಂದು ದಿನ ಒಣಗಿಸಿ ಮರುದಿನ ಸುರಿಯುವುದೇ ಹೆಚ್ಚಾಗಿ ಇದಕ್ಕೆ ಕಾರಣ. ಬುಡಕ್ಕೆ ದರಕು (ಒಣ ಎಲೆ) ಹೊದಿಸಿ, ತೇವ ಒಂದೇ ಸಮ ಇರಲಿ.

ಪಕ್ಕದಲ್ಲಿ ಸೂಜಿಮೆಣಸಿನ ಗಿಡವಿದ್ದರೆ ದೊಣ್ಣೆ ಮೆಣಸೂ ಖಾರವಾಗುತ್ತದೆ ಎಂಬ ಮಾತನ್ನು ಶಿರಸಿಯಲ್ಲೂ ಕೇಳಿದ್ದೇನೆ. ಈ ವರ್ಷದ ಕಾಯಿ ಖಾರವಾಗುವುದಿಲ್ಲ, ಏಕೆಂದರೆ ಖಾರ ಹುಟ್ಟುವ ಒಳಗಿನ ಬಿಳಿ ತಿರುಳು ತಾಯಿಗಿಡದ್ದೇ. ಪರಾಗ ಬೆರೆತದ್ದು ಬೀಜದೊಳಗೆ ಕುಳಿತು ಮುಂದಿನ ವರ್ಷ ಕಾಣಿಸಿಕೊಳ್ಳುತ್ತದೆ, ಆಗ ಖಾರದ ಗುಣವೇ ಮೇಲುಗೈ. ಬೀಜ ಉಳಿಸುವವರು ಒಂದೆರಡು ಮೊಗ್ಗಿಗೆ ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಗೆ ದಾರದ ಗುರುತು ಹಾಕಿ.

ಮೊದಲ ಕವಲಿನಲ್ಲಿ ಬರುವ ಮೊದಲ ಹೂವನ್ನು ಚಿವುಟಿ, ಗಿಡ ಅಷ್ಟು ಬಲವಾಗುತ್ತದೆ. ಕೊಯ್ಯುವಾಗ ಎಳೆಯಬೇಡಿ, ಟೊಂಗೆಯೇ ಮುರಿದು ಬರುತ್ತದೆ. ಕತ್ತರಿಯಿಂದ ತೊಟ್ಟು ಸೇರಿಸಿ ಕತ್ತರಿಸಿ. ಹಸಿರು ಕಾಯಿ ಕೆಂಪಾಗಲು ಇನ್ನೂ ಎರಡು ಮೂರು ವಾರ ಬೇಕು. ಶಿರಸಿಯವರು ಕಾಯಬಹುದು. ಕಾರವಾರದವರು ಮಾರ್ಚ್ ಹೊತ್ತಿಗೆ ಬೀಜಕ್ಕೆಂದು ಗುರುತಿಟ್ಟ ಕಾಯಿಗಳನ್ನು ಎಲೆಯ ನೆರಳಿನಲ್ಲಿ ಹಣ್ಣಾಗಲು ಬಿಟ್ಟು, ಉಳಿದದ್ದನ್ನು ಹಸಿರಿರುವಾಗಲೇ ಕೊಯ್ದುಕೊಳ್ಳಿ.